ಅರಳುಮರಳಿನ ಹಿರಿಯರಿಗೆ ದಿನಾ ಚಕ್ಕರ್ ಬರುತ್ತಿದ್ದರೆ

ನಮ್ಮ ಕಡೆ ಇದಕ್ಕೆ ಹೆಸರು ಬಹಳ. ಚಕ್ಕರ್, ಭವಳಿ, ಕಣ್ಣಿಗೆ ಕತ್ತಲೆ, ತೋಲ ಹೋಗೋದು, ತಲಿ ಗಿರ್ ಅನ್ನೋದು. ಆಡುವಾಗ ಎಲ್ಲ ಒಂದೇ ಅನಿಸಿದರೂ ಒಳಗೆ ಬೇರೆ ಬೇರೆ. ಕೋಣೆಯೇ ಗಿರಗಿರ ತಿರುಗಿದಂತಾದರೆ ಬಹಳ ಸಲ ಅದು ಕಿವಿಯ ಒಳಗಿನ ದೋಷ. ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಬಂದರೆ ಬಿ.ಪಿ. ಇಳಿದಿರುತ್ತದೆ. ತಲೆ ನೆಟ್ಟಗಿದ್ದು ಕಾಲಷ್ಟೇ ಜೋಲಿ ಹೊಡೆದರೆ ಮೆದುಳು, ಪಾದದ ನರ, ಮೊಣಕಾಲು, ಕಣ್ಣಿನ ಪೊರೆ, ಇವುಗಳಲ್ಲಿ ಒಂದೋ ಎರಡೋ ಕಾರಣ. ಬುದ್ಧಿ ಚುರುಕಾಗಿರುವವರಾದರೆ ಡಾಕ್ಟರು ನಾಲ್ಕು ಪ್ರಶ್ನೆ ಕೇಳಿ ಅರ್ಧ ದಾರಿ ಸಾಗುತ್ತಾರೆ. ಮರೆವಿನ ಕಾಯಿಲೆಯವರ ಬಾಯಲ್ಲಿ ಈ ಎಲ್ಲ ಮಾತುಗಳೂ ಕರಗಿ ಒಂದೇ ಉಳಿಯುತ್ತದೆ: "ಚಕ್ಕರ್ ಬರಾಕತ್ತೈತಿ." ಹೊಟ್ಟೆ ಹಸಿದರೂ ಅದೇ, ಉಚ್ಚೆ ಬಂದರೂ ಅದೇ, ಸಂಜೆ ಕತ್ತಲಾಗಿ ಜೀವಕ್ಕೆ ಹೆದರಿಕೆಯಾದರೂ ಅದೇ.

ಹಾಗಾಗಿ "ಹೆಂಗ್ ಆಗ್ತೈತಿ ಹೇಳು" ಎಂದು ಅವರನ್ನು ಪೀಡಿಸಿ ಉಪಯೋಗವಿಲ್ಲ. ಆ ಗಳಿಗೆಯಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದೇ ನಮಗೆ ಸಿಗುವ ಉತ್ತರ. ಹಾಸಿಗೆಯಲ್ಲಿ ಹೊರಳಿದರಾ, ಎದ್ದರಾ, ಉಂಡು ಅರ್ಧ ತಾಸಾಗಿತ್ತಾ, ಸಂಡಾಸಿನಿಂದ ಬಂದರಾ, ಅಟ್ಟದ ಮೇಲಿನ ಡಬ್ಬಿ ನೋಡಲು ಕತ್ತು ಎತ್ತಿದರಾ, ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರಾ? ಕಿರಾಣಿ ಅಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರ್ ಒಂದು ಗೋಡೆಗಿದ್ದರೆ ಸಾಕು, ಅದರ ಚೌಕದಲ್ಲೇ ಬರೆಯಿರಿ: ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಎಷ್ಟು ಹೊತ್ತು ಇತ್ತು. ಎರಡು ವಾರ ಬರೆದರೆ ಒಂದು ನಮೂನೆ ಎದ್ದು ಕಾಣುತ್ತದೆ. ದಿನಾ ಬೆಳಗ್ಗೆ ಆರರಿಂದ ಎಂಟರೊಳಗೇ ಆಗುತ್ತಿದ್ದರೆ ಒಂದು ದಾರಿ, ಬಲಮಗ್ಗುಲಿಗೆ ತಿರುಗಿದಾಗ ಮಾತ್ರ ಆಗುತ್ತಿದ್ದರೆ ಇನ್ನೊಂದು ದಾರಿ. ಹೊಸ ಸ್ಕ್ಯಾನಿಂಗ್ ಹಾಳೆಗಿಂತ ಈ ಕ್ಯಾಲೆಂಡರ್ ಹಾಳೆಯನ್ನೇ ದವಾಖಾನೆಗೆ ಒಯ್ಯಿರಿ.

ಮಲಗಿಸಿ ಒಂದು ಬಿ.ಪಿ., ನಿಲ್ಲಿಸಿ ಎರಡು

ಹಿರಿಯರಲ್ಲಿ ಬಹಳ ಕಾಣುವ ಮತ್ತು ಮನೆಯಲ್ಲೇ ಪತ್ತೆ ಹಚ್ಚಬಹುದಾದ ಕಾರಣ ಇದು: ಎದ್ದಾಗ ಬಿ.ಪಿ. ಇಳಿಯುವುದು. ದವಾಖಾನೆಯಲ್ಲಿ ಕುರ್ಚಿಯಲ್ಲಿ ಕೂರಿಸಿ ನೋಡಿದಾಗ 140/80 ಎಂದು ಚೆನ್ನಾಗಿಯೇ ಬರುತ್ತದೆ, "ಬಿ.ಪಿ. ಬರೋಬ್ಬರಿ ಐತಿ" ಎಂದು ಮನೆಗೆ ಕಳಿಸುತ್ತಾರೆ. ನಿಲ್ಲಿಸಿ ನೋಡಿದವರು ಕಡಿಮೆ.

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಬೇಕು. ಮಣಿಕಟ್ಟಿಗೆ ಕಟ್ಟುವುದು ಬೇಡ, ಕೈ ಸ್ವಲ್ಪ ಮೇಲೆ ಕೆಳಗಾದರೂ ಅಂಕಿ ಬದಲಾಗುತ್ತದೆ. ಸಣಕಲು ತೋಳಿಗೆ ದೊಡ್ಡವರ ಪಟ್ಟಿ ಸಡಿಲಾಗಿ ಅಂಕಿ ತಪ್ಪು ಬರುತ್ತದೆ, ಸಣ್ಣ ಪಟ್ಟಿ ಬೇರೆ ಸಿಗುತ್ತದೆ, ಕೇಳಿ ತನ್ನಿ. ಐದು ನಿಮಿಷ ಅಂಗಾತ ಮಲಗಿಸಿ, ಮಾತಾಡಿಸದೆ, ಮೊದಲ ಅಂಕಿ ಬರೆದುಕೊಳ್ಳಿ. ಪಟ್ಟಿ ಬಿಚ್ಚದೆ ಹಾಗೆಯೇ ಎಬ್ಬಿಸಿ ನಿಲ್ಲಿಸಿ. ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಯಂತ್ರ ನೋಡಬೇಕು, ಹಿಂದೆ ಕುರ್ಚಿ ಇರಲೇಬೇಕು. ನಿಂತು ಒಂದು ನಿಮಿಷವಾದಾಗ ಒಂದು ಸಲ, ಮೂರು ನಿಮಿಷವಾದಾಗ ಇನ್ನೊಂದು ಸಲ ನೋಡಿ. ಅಳೆಯುವಾಗ ತೋಳು ಎದೆಯ ಮಟ್ಟದಲ್ಲಿರಲಿ. ಜೋತು ಬಿಟ್ಟರೆ ಅಂಕಿ ಸುಳ್ಳೇ ಹೆಚ್ಚು ತೋರಿಸಿ ಇಳಿತ ಮುಚ್ಚಿಹೋಗುತ್ತದೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಚಕ್ಕರಿನ ಒಂದು ಕಾರಣ ಸಿಕ್ಕಿತು ಅನ್ನಿ. ಬೆಳಗ್ಗೆ ಹಾಸಿಗೆ ಬಿಡುವ ಮುಂಚೆ ಅಳೆದರೆ ಇಳಿತ ಚೆನ್ನಾಗಿ ಸಿಗುತ್ತದೆ, ಮಧ್ಯಾಹ್ನ ಅಳೆದರೆ ತಪ್ಪಿಸಿಕೊಳ್ಳಬಹುದು. ನಿಲ್ಲಲಾರದವರನ್ನು ಕಾಲು ಇಳಿಬಿಟ್ಟು ಕೂರಿಸಿ ನೋಡಿ, ಇಳಿತ ಕಡಿಮೆ ತೋರಿದರೂ ಸುಳಿವು ಸಿಗುತ್ತದೆ.

ಯಂತ್ರದ ಕೆಳಗಿನ ಮೂರನೇ ಅಂಕಿ ನಾಡಿಯದು. ಅದನ್ನು ಯಾರೂ ಬರೆಯುವುದಿಲ್ಲ, ನೀವು ಬರೆಯಿರಿ. ಬಿ.ಪಿ. ಅಷ್ಟು ಇಳಿದರೂ ನಾಡಿ ಏರದೆ ಇದ್ದಲ್ಲೇ ಇದ್ದರೆ ನರಗಳೇ ಸೋತಿರಬಹುದು. ಪಾರ್ಕಿನ್ಸನ್ (ಕೈ ನಡುಗಿ ಮೈ ಬಿಗಿಯುವ ಕಾಯಿಲೆ) ಮತ್ತು ಲೂಯಿ ಬಾಡಿ ಜಾತಿಯ ಮರೆವಿನಲ್ಲಿ (ಇದರ ಲಕ್ಷಣ ಮುಂದೆ ಹೇಳಿದ್ದೇನೆ), ಹಳೆಯ ಸಕ್ಕರೆ ಕಾಯಿಲೆಯಲ್ಲಿ ಹೀಗಾಗುತ್ತದೆ. ನಾಡಿಯನ್ನು ತಡೆಯುವ ಗುಳಿಗೆಗಳಿಂದಲೂ ಆಗುತ್ತದೆ. ಕೂತಲ್ಲೇ ನಾಡಿ 50ಕ್ಕಿಂತ ಕೆಳಗಿದ್ದು ಚಕ್ಕರ್ ಇದ್ದರೆ ಅದೇ ದಿನ ಇ.ಸಿ.ಜಿ. ಮಾಡಿಸಬೇಕು.

ಹಾಸಿಗೆಯಿಂದ ಬಚ್ಚಲವರೆಗೆ

ಬೀಳುವುದು ಬಹಳ ಸಲ ಈ ಹತ್ತು ಹೆಜ್ಜೆಯಲ್ಲೇ. ರಾತ್ರಿ ಎಂಟು ತಾಸು ನೀರು ಕುಡಿದಿರುವುದಿಲ್ಲ, ಎರಡು ಮೂರು ಸಲ ಉಚ್ಚೆ ಹೋಗಿರುತ್ತದೆ. ಎದ್ದಾಗ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಗೆ ಇಳಿಯುತ್ತದೆ. ವಯಸ್ಸಾದ ರಕ್ತನಾಳಗಳು ಅದನ್ನು ತಟ್ಟನೆ ಮೇಲೆ ತಳ್ಳಲಾರವು.

ಬೆಳಗ್ಗೆ ಎಚ್ಚರವಾದ ಮೇಲೆ ಮೊದಲು ದೀಪ ಹಾಕಿ. ಮಲಗಿದ್ದಂತೆಯೇ ಪಾದವನ್ನು ಹಿಂದೆ ಮುಂದೆ ಇಪ್ಪತ್ತು ಸಲ ಮಡಚಿಸಿ. "ಪಾದ ಮಡಚ್ರಿ" ಎಂದರೆ ತಿಳಿಯದಿದ್ದರೆ ನಿಮ್ಮ ಅಂಗೈಯನ್ನು ಅವರ ಅಂಗಾಲಿಗೆ ಒತ್ತಿ, "ತಳ್ರಿ, ನನ್ನ ಕೈ ತಳ್ರಿ" ಅನ್ನಿ. ಮಾತು ತಿಳಿಯದವರಿಗೂ ಒತ್ತಿದ್ದನ್ನು ತಳ್ಳುವುದು ತಿಳಿಯುತ್ತದೆ. ಆಮೇಲೆ ಮಗ್ಗುಲಾಗಿಸಿ, ಮೊಣಕಾಲು ಮಡಚಿ, ಕಾಲು ಮಂಚದಿಂದ ಇಳಿಬಿಟ್ಟು ಕೂರಿಸಿ. ಅಂಗಾಲು ನೆಲಕ್ಕೆ ಮುಟ್ಟಬೇಕು, ಮುಟ್ಟದಿದ್ದರೆ ಮಂಚ ಎತ್ತರವಾಯಿತು. ಕೂತ ಮೇಲೆ ಎರಡು ವಾಟಗ ನೀರು, ಸುಮಾರು 400 ಮಿ.ಲೀ., ಸಾವಕಾಶ ಹತ್ತು ನಿಮಿಷದಲ್ಲಿ. ಮಲಗಿದ್ದಾಗ ನೀರು ಕುಡಿಸಬೇಡಿ, ನೆತ್ತಿಗೇರುತ್ತದೆ. ಈ ನೀರು ಇನ್ನೊಂದು ಗುಳಿಗೆಯಷ್ಟೇ ಕೆಲಸ ಮಾಡುತ್ತದೆ, ಕುಡಿದ ಮೇಲೆ ಒಂದು ತಾಸಿನವರೆಗೆ ಬಿ.ಪಿ.ಗೆ ಆಸರೆಯಾಗುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ಡಾಕ್ಟರು ನೀರು ಅಳೆದು ಕೊಡಿ ಎಂದಿದ್ದರೆ ಮಾತ್ರ ಅವರನ್ನು ಕೇಳಿ.

ನೀರು ಕುಡಿದು ಎರಡು ನಿಮಿಷ ಕಳೆದ ಮೇಲೆ ಎಬ್ಬಿಸಿ. ನಿಂತಲ್ಲೇ ಎಣಿಸಿ, "ಒಂದ, ಎಲ್ಡ, ಮೂರ..." ಎಂದು ಇಪ್ಪತ್ತರವರೆಗೆ, ಅವರೂ ಎಣಿಸಲಿ. ಬೇರೆಲ್ಲ ಮರೆತವರೂ ಎಣಿಕೆ ಬಹಳ ಕಾಲ ಮರೆಯುವುದಿಲ್ಲ. ಎಣಿಸುವಾಗ ಧ್ವನಿ ಕುಗ್ಗಿತೋ, ಕಣ್ಣು ಮಂಕಾಯಿತೋ, ಮುಖ ಬಿಳಿಚಿತೋ, ತಕ್ಷಣ ಮತ್ತೆ ಕೂರಿಸಿ. ಈ ಕ್ರಮವನ್ನು ದಿನಾ ಅದೇ ಜಾಗದಲ್ಲಿ, ಅದೇ ಮಾತಿನಲ್ಲಿ ಮಾಡಬೇಕು. ಮಗ "ಕಾಲ ಇಳಿಬಿಡ್ರಿ" ಎನ್ನುವುದು, ಸೊಸೆ "ಇತ್ತಾಗ ಬರ್ರಿ" ಎನ್ನುವುದು, ಮೊಮ್ಮಗ ಕೈ ಹಿಡಿದು ಎಳೆಯುವುದು ನಡೆದರೆ ಆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. "ಕುಂದರ್ರಿ. ನೀರ ಕುಡೀರಿ. ನಿಂದರ್ರಿ. ಎಣಸ್ರಿ." ನಾಲ್ಕೇ ಮಾತು, ಮನೆಯವರೆಲ್ಲ ಅವೇ ನಾಲ್ಕು. ಹೇಳಿದ್ದು ನೆನಪಿಲ್ಲದವರಿಗೂ ರೂಢಿ ಮೈಗೆ ಹತ್ತುತ್ತದೆ, ಮೂರು ನಾಲ್ಕು ವಾರ ಹಿಡಿಯಬಹುದು.

ಹೊರಸಿನ ಮೇಲೆ ಮಲಗುವವರಿಗೆ ಒಂದು ತೊಡಕಿದೆ. ಹಗ್ಗ ಸಡಿಲಾಗಿ ನಡುವೆ ಜೋಳಿಗೆಯಂತೆ ಬಗ್ಗಿದ ಹೊರಸಿನಿಂದ ಏಳಲು ಬಲು ತ್ರಾಸು, ಎರಡು ಮೂರು ಸಲ ಜೋಲಿ ಹೊಡೆದೇ ಏಳಬೇಕು. ಹಗ್ಗ ಬಿಗಿ ಮಾಡಿಸಿ, ಇಲ್ಲವೇ ಗಟ್ಟಿ ಹಲಗೆಯ ಮಂಚ ಹಾಕಿ. ಡಾಕ್ಟರು ಒಪ್ಪಿದರೆ ತಲೆ ಕಡೆಯ ಎರಡು ಕಾಲಿನ ಕೆಳಗೆ 6 ಇಂಚಿನ ಕಟ್ಟಿಗೆಯ ತುಂಡು ಇಟ್ಟು ಇಡೀ ಮಂಚವನ್ನೇ ಇಳಿಜಾರು ಮಾಡಬಹುದು. ರಾತ್ರಿ ಉಚ್ಚೆ ಕಡಿಮೆಯಾಗುತ್ತದೆ, ಬೆಳಗಿನ ಇಳಿತವೂ ಕಡಿಮೆ. ತುಂಡಿನಲ್ಲಿ ಮಂಚದ ಕಾಲು ಕೂರುವಷ್ಟು ಗುಳಿ ತೆಗೆಸಿ, ಬರೀ ಇಟ್ಟಿಗೆ ಇಟ್ಟರೆ ಜಾರುತ್ತದೆ. ದಿಂಬು ಏರಿಸಿದರೆ ಕತ್ತು ಬಗ್ಗುತ್ತದೆ ಅಷ್ಟೇ, ಉಪಯೋಗವಿಲ್ಲ.

ರಾತ್ರಿ ಎದ್ದು ನಿಂತುಕೊಂಡು ಉಚ್ಚೆ ಹೊಯ್ಯುವಾಗ ಕಣ್ಣು ಕತ್ತಲೆ ಬಂದು ಬೀಳುವ ಗಂಡಸರು ಬಹಳ. ಮೂತ್ರಕೋಶ ಒಮ್ಮೆಲೇ ಖಾಲಿಯಾದಾಗ ಬಿ.ಪಿ. ಇನ್ನಷ್ಟು ಇಳಿಯುತ್ತದೆ. ಕೂತು ಮಾಡಲಿ, ಇಲ್ಲವೇ ಮಂಚದ ಪಕ್ಕದಲ್ಲೇ ಯೂರಿನ್ ಪಾಟ್ ಇರಲಿ. ಉಚ್ಚೆಗೆ ಏಳಬೇಕಾಗುತ್ತದೆ ಎಂದು ಹಗಲೆಲ್ಲ ನೀರು ಕಡಿಮೆ ಕೊಡುವ ಮನೆಗಳಿವೆ. ಅದು ಚಕ್ಕರನ್ನು ಕರೆದು ಮನೆಗೆ ತಂದುಕೊಂಡಂತೆ. ಸಂಜೆ ಐದರೊಳಗೆ ದಿನದ ನೀರನ್ನೆಲ್ಲ ಮುಗಿಸಿ, ಆಮೇಲೆ ಗುಟುಕು ಗುಟುಕು.

ಸಂಡಾಸು ನೆಲಮಟ್ಟದ್ದಾದರೆ ಕುಕ್ಕುರುಗಾಲಿನಿಂದ ಏಳುವುದು, ತಿಣುಕುವುದು ಎರಡೂ ಕೂಡಿ ಬೀಳಿಸುತ್ತವೆ. ನಡುವೆ ತೂತಿರುವ ಕುರ್ಚಿ ಇಟ್ಟರೆ ನಡೆಯುತ್ತದೆ, ಆದರೆ ಅದರ ನಾಲ್ಕು ಕಾಲಿಗೂ ರಬ್ಬರ್ ಬುಡ ಇದೆಯೇ ನೋಡಿ. ಮಲಬದ್ಧತೆ ಇದ್ದರೆ ಅದಕ್ಕೂ ಔಷಧ ಬೇಕು. ಇನ್ನು ಸ್ನಾನ. ಹಂಡೆಯ ಕಾದ ನೀರನ್ನು ತಲೆಯಿಂದ ಸುರಿದುಕೊಂಡರೇ ಸ್ನಾನವಾಯಿತು ಎನ್ನುವವರು ನಮ್ಮ ಹಿರಿಯರು. ಕಾದ ನೀರಿಗೆ ಚರ್ಮದ ರಕ್ತನಾಳ ಹಿಗ್ಗಿ ಬಿ.ಪಿ. ಜಾರುತ್ತದೆ. ಉಗುರುಬೆಚ್ಚಗಿನ ನೀರು, ಪ್ಲಾಸ್ಟಿಕ್ ಕುರ್ಚಿ, ಮುಗಿದ ಮೇಲೆ ಅಲ್ಲೇ ಐದು ನಿಮಿಷ ಕೂತು ಮೈ ಒರೆಸುವುದು. ಬಚ್ಚಲ ಬಾಗಿಲಿನ ಒಳ ಚಿಲಕ ತೆಗೆದುಬಿಡಿ.

ಊಟವೂ ಬಿ.ಪಿ. ಇಳಿಸುತ್ತದೆ ಎಂದರೆ ನಂಬುವವರು ಕಡಿಮೆ. ಹೊಟ್ಟೆ ತುಂಬ ಹೋಳಿಗೆ ಅನ್ನ ಉಂಡ ಎರಡು ತಾಸಿನೊಳಗೆ ಮೇಲಿನ ಅಂಕಿ 20 ಇಳಿಯಬಹುದು, ರಕ್ತವೆಲ್ಲ ಕರುಳಿಗೆ ಹೋಗುತ್ತದೆ. ಹಬ್ಬದ ದಿನ ಮಧ್ಯಾಹ್ನ ಬಿದ್ದರು ಅಂದರೆ ನಾನು ಮೊದಲು ಕೇಳುವುದು ಊಟ ಯಾವಾಗ ಆಗಿತ್ತು ಎಂದು. ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ. ರೊಟ್ಟಿ ಅಗಿಯಲಾರದವರಿಗೆ ಹಾಲಿನಲ್ಲಿ ಮುರಿದು ನೆನೆಸಿ, ಇಲ್ಲವೇ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಕೊಡಿ. ಉಂಡ ಮೇಲೆ ಮುಕ್ಕಾಲು ತಾಸು ಕೂತಿರಲಿ, "ಉಂಡು ನೂರಡಿ ನಡಿ" ಎಂಬ ಮಾತು ಇವರಿಗಲ್ಲ.

ಗುಳಿಗಿ ಚೀಲ ಸುರಿದು ನೋಡಿ

ಚಕ್ಕರಿಗೆ ಕಾರಣ ಹುಡುಕುತ್ತ ಊರೆಲ್ಲ ತಿರುಗುವ ಮುಂಚೆ ಮನೆಯ ಗುಳಿಗಿ ಚೀಲವನ್ನು ನೆಲಕ್ಕೆ ಸುರಿಯಿರಿ. ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಜಮಖಂಡಿಯ ಡಾಕ್ಟರು ಬರೆದ ಅಮ್ಲೋಡಿಪಿನ್ ಒಂದು ಹೆಸರಿನಲ್ಲಿ, ಬೆಳಗಾವಿಯ ಡಾಕ್ಟರು ಬರೆದದ್ದು ಇನ್ನೊಂದು ಹೆಸರಿನಲ್ಲಿ, ಎರಡನ್ನೂ ದಿನಾ ನುಂಗುತ್ತಿರುವ ಮನೆಗಳು ಅಪರೂಪವಲ್ಲ.

ಎದ್ದಾಗ ಬಿ.ಪಿ. ಇಳಿಸುವವು ಬಿ.ಪಿ. ಗುಳಿಗೆಗಳಷ್ಟೇ ಅಲ್ಲ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೊಸಿನ್, ಮೈ ಬಾವು ಇಳಿಸಲು ಉಚ್ಚೆ ಮಾಡಿಸುವ ಫ್ಯೂರೊಸೆಮೈಡ್, ಟಾರ್ಸೆಮೈಡ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ರಾತ್ರಿ ಗದ್ದಲ ಮಾಡುತ್ತಾರೆಂದು ಕೊಡುವ ಕ್ವಿಟಿಯಾಪಿನ್, ಕೈ ನಡುಕಕ್ಕೆ ಕೊಡುವ ಲೆವೊಡೋಪಾ, ಇವೆಲ್ಲ ಅದೇ ಸಾಲಿನವು. ಮರೆವಿಗೇ ಕೊಡುವ ಡೊನೆಪೆಜಿಲ್ ನಾಡಿ ನಿಧಾನ ಮಾಡುತ್ತದೆ. ಅದರ ಜೊತೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಇದ್ದರೆ ಇನ್ನೂ ನಿಧಾನ. ಕಾಚಬಿಂದುವಿಗೆ (ಗ್ಲಾಕೋಮಾಕ್ಕೆ) ಕಣ್ಣಲ್ಲಿ ಬಿಡುವ ಟಿಮೊಲಾಲ್ ಹನಿಯೂ ರಕ್ತಕ್ಕೆ ಸೇರಿ ನಾಡಿ ಇಳಿಸಬಲ್ಲದು. ಕಣ್ಣಿನ ಔಷಧವನ್ನು ಯಾರೂ ಡಾಕ್ಟರ ಮುಂದೆ ತೆಗೆದಿಡುವುದಿಲ್ಲ, ತೆಗೆದಿಡಿ.

ಈಗ ಚಕ್ಕರ್ ಗುಳಿಗೆಯ ಸಂಗತಿ. ಮೆಡಿಕಲ್ ಶಾಪಿಗೆ ಹೋಗಿ "ಚಕ್ಕರ್ ಗುಳಿಗಿ ಕೊಡ್ರಿ" ಎಂದರೆ ಸಿಗುವುದು ಸಾಮಾನ್ಯವಾಗಿ ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಅಥವಾ ಬೀಟಾಹಿಸ್ಟಿನ್. ಮೊದಲೆರಡು, ಕಿವಿಯಿಂದ ಬಂದ ಜೋರು ತಿರುಗಾಟ ವಾಂತಿಗೆ ಎರಡು ಮೂರು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿಸಿದರೆ ಕೈಕಾಲು ಬಿಗಿಯುತ್ತವೆ, ಹೆಜ್ಜೆ ಎಳೆದು ಎಳೆದು ನಡೆಯುತ್ತಾರೆ, ಕೈ ನಡುಗುತ್ತದೆ, ಹಗಲೆಲ್ಲ ತೂಕಡಿಕೆ, ಮಾತು ತೊದಲು. ಮನೆಯವರು "ಮರೆವು ಹೆಚ್ಚಾತು" ಅಂದುಕೊಳ್ಳುತ್ತಾರೆ. ಡಾಕ್ಟರು ನಡುಕಕ್ಕೆ ಇನ್ನೊಂದು ಗುಳಿಗೆ ಸೇರಿಸುತ್ತಾರೆ, ಅದರಿಂದ ಬಿ.ಪಿ. ಇಳಿದು ಮತ್ತೆ ಚಕ್ಕರ್. ಬೀಟಾಹಿಸ್ಟಿನ್ ಅಷ್ಟು ಅಪಾಯದ್ದಲ್ಲ, ಆದರೆ ಎದ್ದಾಗ ಬಿ.ಪಿ. ಇಳಿಯುವ ಚಕ್ಕರಿಗೆ ಅದರಿಂದ ಏನೂ ಆಗುವುದಿಲ್ಲ. ವರ್ಷದಿಂದ ಈ ಗುಳಿಗೆಗಳ ಮೇಲಿರುವವರಿದ್ದರೆ ಯಾಕೆ ಶುರುವಾಯಿತು, ಇನ್ನೂ ಬೇಕೇ ಎಂದು ಡಾಕ್ಟರನ್ನು ನೇರ ಕೇಳಿ. ಬೇಡದ ಒಂದು, ಇಲ್ಲವೇ ಹೆಚ್ಚಾದ ಒಂದು, ಆ ಚೀಲದಲ್ಲಿ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೇಳಿ ಎಂದೆ, ನಿಲ್ಲಿಸಿ ಎನ್ನಲಿಲ್ಲ. ನಿದ್ದೆಗೆ ಕೊಡುವ ಕ್ಲೋನಜಿಪಾಮ್, ಅಲ್ಪ್ರಜೋಲಾಮ್‌ಗಳನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಬೇಕು. ಬಿ.ಪಿ. ಗುಳಿಗೆಯನ್ನೂ ಹಾಗೆ ಮನಸ್ಸಿಗೆ ಬಂದಂತೆ ಬಿಡಬಾರದು.

ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಒಂದು ದಿನ ನೆಟ್ಟಗೆ ಮಾತಾಡಿ ಮರುದಿನ ಪೂರ್ತಿ ಮಂಕಾಗುವುದು ಇದ್ದರೆ ಲೂಯಿ ಬಾಡಿ ಜಾತಿಯ ಮರೆವಿರಬಹುದು. ಅಂಥವರಿಗೆ ವಾಂತಿಗೆಂದು ಪ್ರೋಕ್ಲೋರ್‌ಪೆರಜಿನ್ ಅಥವಾ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್, ಗದ್ದಲಕ್ಕೆಂದು ಹ್ಯಾಲೊಪೆರಿಡಾಲ್ ಕೊಟ್ಟರೆ ಮೈಯೆಲ್ಲ ಕೊರಡಾಗಿ ಪ್ರಾಣಕ್ಕೇ ಬರಬಹುದು. ಇಂಜೆಕ್ಷನ್ ಚುಚ್ಚುವ ಮೊದಲೇ ಹೇಳಬೇಕು. ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟಿರಿ.

ಮಗ್ಗುಲಾಗಿಸಿದರೆ ಚೀರುತ್ತಾರೆ

ಬಟ್ಟೆ ಬದಲಿಸಲು ಮಗ್ಗುಲಾಗಿಸಿದ ಕೂಡಲೇ ಚೀರಿ ಮಂಚದ ಅಂಚನ್ನು ಗಟ್ಟಿ ಹಿಡಿಯುತ್ತಾರೆ, ಕಣ್ಣು ಬಿಗಿಯಾಗಿ ಮುಚ್ಚುತ್ತಾರೆ, ಮಲಗಲು ಒಲ್ಲೆ ಎಂದು ರಾತ್ರಿಯೆಲ್ಲ ಕೂತೇ ಇರುತ್ತಾರೆ. ಇದನ್ನು ಹಟ ಎನ್ನುವವರೇ ಬಹಳ. ಕಿವಿಯ ಒಳಗಿನ ಸಣ್ಣ ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ಅರ್ಧವರ್ತುಲ ನಾಳಕ್ಕೆ ಬಿದ್ದರೂ ಹೀಗೆಯೇ ಆಗುತ್ತದೆ. ಹೊರಳಿದಾಗ, ಕತ್ತು ಎತ್ತಿದಾಗ, ಬಗ್ಗಿದಾಗ ಕೆಲವೇ ಸೆಕೆಂಡು, ಒಂದು ನಿಮಿಷದೊಳಗೆ ನಿಲ್ಲುವ ಜೋರು ತಿರುಗಾಟ. ಹೇಳಲು ಬಾರದವರು ಚೀರುತ್ತಾರೆ.

ಅನುಮಾನವಿದ್ದರೆ ಮಲಗಿಸುವಾಗ ಇನ್ನೊಬ್ಬರು ಮೊಬೈಲಿನಲ್ಲಿ ಕಣ್ಣನ್ನೇ ಹತ್ತಿರದಿಂದ ಮೂವತ್ತು ಸೆಕೆಂಡು ವಿಡಿಯೊ ಮಾಡಿ. ಕಣ್ಣುಗುಡ್ಡೆ ಒಂದೇ ಕಡೆ ಪಟಪಟ ಹೊಡೆದುಕೊಳ್ಳುವುದು ಕಂಡರೆ ಅರ್ಧ ರೋಗ ಅಲ್ಲೇ ಸಿಕ್ಕಿತು. ಕಿವಿ ಮೂಗು ಗಂಟಲಿನ ಡಾಕ್ಟರು ಡಿಕ್ಸ್ ಹಾಲ್‌ಪೈಕ್ ಎಂಬ ಪರೀಕ್ಷೆ ಮಾಡಿ, ಎಪ್ಲಿ ವಿಧಾನದಿಂದ ತಲೆಯನ್ನು ನಾಲ್ಕಾರು ಭಂಗಿಗಳಲ್ಲಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಜಾರಿಸುತ್ತಾರೆ. ಒಂದೊಂದು ಭಂಗಿಗೆ ಅರ್ಧದಿಂದ ಒಂದು ನಿಮಿಷ, ಎಲ್ಲ ಸೇರಿ ಹತ್ತು ನಿಮಿಷವೂ ಬೇಡ, ಸ್ಕ್ಯಾನ್ ಬೇಕಿಲ್ಲ. ಅಮೆರಿಕದ ಕಿವಿ ವೈದ್ಯ ಜಾನ್ ಎಪ್ಲಿ ಇದನ್ನು 1992ರಲ್ಲಿ ಪ್ರಕಟಿಸಿದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿಯ ಕಿವಿ ವಿಭಾಗದಲ್ಲಿ ಕೇಳಿ. ಮರೆವಿನವರು ಹೆದರಿ ಒದರಾಡುತ್ತಾರೆ, ಪರಿಚಯದವರೊಬ್ಬರು ಮುಖದ ಎದುರಿಗೇ ಕೂತು ಕೈ ಹಿಡಿದಿರಬೇಕು. ವಿಡಿಯೊ ನೋಡಿ ಮನೆಯಲ್ಲೇ ಕತ್ತು ತಿರುಗಿಸುವ ಸಾಹಸ ಬೇಡ. ಕತ್ತಿನ ಎಲುಬು ಸವೆದವರಿಗೆ ಭುಜದ ಕೆಳಗೆ ದಿಂಬು ಇಟ್ಟು ಇಡೀ ಮೈಯನ್ನು ತಿರುಗಿಸುವ ಬೇರೆ ಕ್ರಮವಿದೆ, ಅದು ತಿಳಿದವರ ಕೆಲಸ. ಅಷ್ಟರವರೆಗೆ ಮಗ್ಗುಲಾಗಿಸುವ ಮುಂಚೆ "ಯವ್ವಾ, ಈಗ ಈ ಕಡೆ ಹೊಳ್ಳೂಣು" ಎಂದು ಹೇಳಿ, ಭುಜ ಮತ್ತು ಸೊಂಟ ಒಟ್ಟಿಗೆ ಹಿಡಿದು, ನಿಧಾನ ತಿರುಗಿಸಿ.

ಗುಡಿಯಲ್ಲಿ ನಿಂತಲ್ಲೇ ಮೂರು ಸುತ್ತು ತಿರುಗುವುದನ್ನೂ ಬಿಡಿಸಬೇಕು. ಕೈ ಮುಗಿದರೆ ಸಾಕು ಎಂದು ಹಿಂದಿನ ದಿನ ಹೇಳಿಟ್ಟರೆ ಮರೆತಿರುತ್ತಾರೆ. ಮುಂದೆ ಕುರ್ಚಿ ಹಾಕಿಸಿ ಕೂರಿಸುವುದೇ ಉಪಾಯ.

ಉಪವಾಸ, ಬಿಸಿಲು, ಮಳೆ

ಶ್ರಾವಣ ಸೋಮವಾರ, ಏಕಾದಶಿ, ರಂಜಾನ್. ಮರೆವು ಬಂದರೂ ಉಪವಾಸ ಮರೆಯುವುದಿಲ್ಲ, ಆದರೆ ಸಕ್ಕರೆ ಗುಳಿಗೆ ಮಾತ್ರ ಮನೆಯವರು ರೂಢಿಯಂತೆ ಕೊಟ್ಟೇ ಕೊಡುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಇದ್ದವರು ಉಣ್ಣದಿದ್ದರೆ ಸಕ್ಕರೆ 70ರ ಕೆಳಗೆ ಇಳಿದು ಚಕ್ಕರ್, ಬೆವರು, ಒಮ್ಮೆಲೇ ಹೆಚ್ಚಿದ ಗೊಂದಲ. ಕೂಡಲೇ ಬೆರಳು ಚುಚ್ಚಿ ನೋಡಿ. ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಅನ್ನವೋ ರೊಟ್ಟಿಯೋ ಉಣ್ಣಿಸಿ. ಈ ಗುಳಿಗೆಗಳ ಪ್ರಭಾವ ತಾಸುಗಟ್ಟಲೆ ಇರುವುದರಿಂದ ಮತ್ತೆ ಇಳಿಯಬಹುದು, ಡಾಕ್ಟರಿಗೆ ಫೋನ್ ಮಾಡಲೇಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ, 108ಕ್ಕೆ ಕರೆ ಮಾಡಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದ ಶಾಕಾಹಾರಿಗಳಲ್ಲಿ ಬಿ12 ಕಡಿಮೆಯಾಗಿ ಪಾದಕ್ಕೆ ನೆಲದ ಅರಿವೇ ಇಲ್ಲದಂತಾಗುತ್ತದೆ. ಹಿಮೋಗ್ಲೋಬಿನ್, ಸೋಡಿಯಂ, ಥೈರಾಯ್ಡ್ ಜೊತೆ ಬಿ12 ಕೂಡ ಒಮ್ಮೆ ನೋಡಿಸಿ.

ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಹಿರಿಯರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ, ತಿಳಿದರೂ ಮರೆವಿನವರು ಕೇಳುವುದಿಲ್ಲ. ಡಾಕ್ಟರು ಮಿತಿ ಹಾಕಿಲ್ಲವಾದರೆ ದಿನಕ್ಕೆ ಒಂದೂವರೆ ಲೀಟರ್ ಹೋಗಬೇಕು. ಅಳೆಯಲು ಒಂದು ಲೀಟರಿನ ಬಾಟಲಿಯೇ ಸಾಕು, ದಿನಕ್ಕೆ ಒಂದೂವರೆ ಸಲ ಖಾಲಿಯಾಗಬೇಕು. ಬರೀ ನೀರು ಒಲ್ಲದವರಿಗೆ ಮಜ್ಜಿಗೆ, ಅಂಬಲಿ, ಕಲ್ಲಂಗಡಿ. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಕಲಸಿ, ಒಂದು ವಾಟಗಕ್ಕೆ ಪೂರ್ತಿ ಪೊಟ್ಟಣ ಸುರಿಯಬೇಡಿ. ಚಳಿಗಾಲದಲ್ಲಿ ಗೊತ್ತು ಮಾಡಿದ ಬಿ.ಪಿ. ಗುಳಿಗೆಯ ಪ್ರಮಾಣ ಬೇಸಿಗೆಗೆ ಹೆಚ್ಚಾಗಬಹುದು. ಯುಗಾದಿಗೆ ಮುಂಚೆ ಒಂದು ವಾರ ಮಲಗಿ-ನಿಂತು ಬಿ.ಪಿ. ಬರೆದು ತೋರಿಸಿ. ಬೆಳಗಾವಿ ಕಡೆ ತಾಪತ್ರಯ ಬೇರೆ: ಜೂನಿನಿಂದ ಮಳೆ, ಹಗಲಲ್ಲೂ ಮಬ್ಬು, ಅಂಗಳದಲ್ಲಿ ಪಾಚಿ, ಒದ್ದೆ ಪರಸಿ. ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆಯಬೇಕು, ಗೋಣಿಚೀಲ ಹಾಸಿದರೆ ಅದೇ ಜಾರುತ್ತದೆ.

ಮನೆಯೊಳಗೆ ಕಪ್ಪು ಕಾಲೊರಸು ಮರೆವಿನವರ ಕಣ್ಣಿಗೆ ತಗ್ಗಿನಂತೆ ಕಾಣುತ್ತದೆ. ಅದನ್ನು ದಾಟಲು ಕಾಲು ಎತ್ತಿ ಹಾಕಿ ತೋಲ ತಪ್ಪುತ್ತಾರೆ. ತೆಗೆದುಬಿಡಿ. ಹೊಸ್ತಿಲಿಗೆ ಹಳದಿ ಪಟ್ಟಿ ಅಂಟಿಸಿ. ಅರಿಷಿಣ ಹಚ್ಚುವ ಮನೆಯಲ್ಲಿ ಅದಾಗಲೇ ಇರುತ್ತದೆ, ತಾಜಾ ಇಟ್ಟರಾಯಿತು. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯೆಲ್ಲ ಸಣ್ಣ ದೀಪ ಇರಲಿ, ಕರೆಂಟ್ ಹೋದಾಗ ತಾನೇ ಹತ್ತುವ ಬಲ್ಬು ಒಂದು. ಹಿಡಿಕಂಬಿಯನ್ನು ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ ಆಂಕರ್ ಬೋಲ್ಟ್ ಹಾಕಿ ಕೂರಿಸಿ. ಟಾವೆಲ್ ಹಾಕುವ ಕಂಬಿ ಮನುಷ್ಯನ ಭಾರ ತಾಳುವುದಿಲ್ಲ, ಹಿಡಿದ ಕೈಯಲ್ಲೇ ಕಿತ್ತು ಬರುತ್ತದೆ. ಹಳೇ ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲುವುದಿಲ್ಲ, ಅಲ್ಲಿ ನೆಲಕ್ಕೆ ಕಾಂಕ್ರೀಟ್ ಹಾಕಿ ಕಬ್ಬಿಣದ ಪೈಪು ನಿಲ್ಲಿಸಬೇಕು. ಧೋತರದ ಅಂಚು, ಸೀರೆಯ ನಿರಿಗೆ ಹಿಮ್ಮಡಿಗಿಂತ ಮೇಲಿರಲಿ.

ನಡೆಸುವಾಗ ಕೈ ಹಿಡಿದು ಮುಂದೆ ಎಳೆಯಬಾರದು. ಅಶಕ್ತ ಕಾಲಿನ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತು, ಸೊಂಟಕ್ಕೆ ಕಟ್ಟಿದ ಅಗಲ ಪಟ್ಟಿ ಹಿಡಿಯಿರಿ. ಹಿಂದಿನಿಂದ ಕರೆಯಬೇಡಿ, ಗಕ್ಕನೆ ಹೊರಳಿ ಬೀಳುತ್ತಾರೆ. ನಡೆಯುವಾಗ ಮಾತಾಡಿಸಬೇಡಿ. ಬೀಳುತ್ತಿದ್ದಾರೆ ಅನಿಸಿದರೆ ಎತ್ತಿ ಹಿಡಿಯಲು ಹೋಗದೆ, ನಿಮ್ಮ ತೊಡೆಗೆ ಆನಿಸಿಕೊಂಡು ಮೆಲ್ಲಗೆ ನೆಲಕ್ಕೆ ಜಾರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ದಿನಕ್ಕೆ ಇಪ್ಪತ್ತು ಸಲ "ಚಕ್ಕರ್ ಬರಾಕತ್ತೈತಿ" ಬರುತ್ತದೆ. "ಈಗರೇ ಹೇಳಿದೆಲ್ಲ" ಅಂದರೆ ಅವರಿಗೆ ನೆನಪಿಲ್ಲ, ನಿಮಗೆ ಸಿಟ್ಟು. "ಹೌದ್ಯವ್ವಾ, ಕುಂದ್ರು, ನಾ ಹಿಡಕೊಂಡೀನಿ" ಅಂದು ಕೂರಿಸಿ, ನೀರು ಕೊಡಿ, ಉಚ್ಚೆಗೆ ಕೇಳಿ, ಹೊಟ್ಟೆಗೆ ಕೇಳಿ. ಸುಮ್ಮನೆ ಕೂತಾಗ, ಮುಖದಲ್ಲಿ ಕಳೆ ಇದ್ದು, ಕೈ ಗೋಡೆ ಹುಡುಕದೆ ಹೇಳುತ್ತಿದ್ದರೆ ಅದು ಬಹುಶಃ ಹಳೆಯ ಮಾತಿನ ಮರುಕಳಿಕೆ. ಕೈಗೆ ಅವರೆಕಾಯಿಯೋ ಶೇಂಗಾವೋ ಸುಲಿಯಲು ಕೊಟ್ಟರೆ ಹೋಗುತ್ತದೆ. ನೋಡಿಕೊಳ್ಳುವವರಿಗೇ ತಲೆ ಕೆಟ್ಟಾಗ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಆದರೆ ಕೆಲವಕ್ಕೆ ಕಾಯಬಾರದು. ಒಮ್ಮೆಲೇ ಶುರುವಾಗಿ, ಆಸರೆ ಇಲ್ಲದೆ ಕೂರಲೂ ಆಗದಂತಾದರೆ, ಒಂದು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದು ಪಾರ್ಶ್ವವಾಯು ಇರಬಹುದು. ಹಿಂಬದಿಯ ಸಣ್ಣ ಮೆದುಳಿನ ಪಾರ್ಶ್ವವಾಯುವಿನಲ್ಲಿ ಕೈಕಾಲಿನ ಬಲ ಬಹಳ ಸಲ ಹಾಗೆಯೇ ಇರುತ್ತದೆ, ಬರೀ ಚಕ್ಕರ್ ವಾಂತಿ ಇರಬಹುದು. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಗಡುವು ನಾಲ್ಕೂವರೆ ತಾಸು. ಹಾಗಾಗಿ ಕೊನೆಗೆ ಚೆನ್ನಾಗಿದ್ದುದನ್ನು ಯಾರು ಎಷ್ಟು ಗಂಟೆಗೆ ನೋಡಿದ್ದರು ಎಂಬುದನ್ನು 108 ಬರುವಷ್ಟರಲ್ಲಿ ಬರೆದಿಡಿ. ಎದೆನೋವು, ಎಚ್ಚರ ತಪ್ಪುವುದು, ಕಪ್ಪು ಮಲ ಇದ್ದರೂ ಅದೇ ಅವಸರ.

ಬಿದ್ದರೆ ತಕ್ಷಣ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲಿದ್ದರೆ ತೊಡೆಮೂಳೆ ಮುರಿದಿದೆ, ನಿಲ್ಲಿಸಲು ಹೋಗಲೇಬೇಡಿ. ಏನೂ ಆಗಿಲ್ಲವೆನಿಸಿದರೆ ಮಗ್ಗುಲಾಗಿಸಿ, ಮೊಣಕಾಲೂರಿಸಿ, ಎದುರಿಗೆ ಕುರ್ಚಿ ಇಟ್ಟು ಅದರ ಮೇಲೆ ಕೈ ಊರಿ ಏಳಲಿ. ತಲೆಗೆ ಪೆಟ್ಟಾಗಿದ್ದು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ತರಹದ ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಗಾಯ ಕಾಣದಿದ್ದರೂ ಅದೇ ದಿನ ತೋರಿಸಿ. ಬಿದ್ದ ತಾರೀಖನ್ನು ಅದೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದು, ಮುಂದಿನ ಎಂಟು ವಾರಕ್ಕೆ ಗೆರೆ ಎಳೆಯಿರಿ. ತಲೆಬುರುಡೆಯ ಒಳಗೆ ಹನಿಹನಿಯಾಗಿ ಸೋರಿದ ರಕ್ತ ಎರಡು ಮೂರು ವಾರ, ಕೆಲವೊಮ್ಮೆ ಒಂದೆರಡು ತಿಂಗಳು ಬಿಟ್ಟು ತೋರಿಕೊಳ್ಳುತ್ತದೆ. ಆ ಗೆರೆಯೊಳಗೆ ನಿದ್ದೆ ಹೆಚ್ಚಾದರೆ, ಒಂದು ಕಾಲು ಎಳೆದರೆ, ತಲೆ ಹಿಡಿದುಕೊಂಡು ಕೂತರೆ, ಮರೆವು ದಿನದಿಂದ ದಿನಕ್ಕೆ ಏರಿದರೆ ಕ್ಯಾಲೆಂಡರ್ ಹಾಳೆ ತೋರಿಸಿ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ.